ನಕಲಿ ಕಾರಿನ ಅಸಲಿ ಚರಿತ್ರೆ

ಇವತ್ತು ಒಂದು ಬೆಲೆಯಿಂದ ಶುರು ಮಾಡೋಣ. 2016ರ ಆಗಸ್ಟ್ ತಿಂಗಳು. ಅಮೆರಿಕದ ಮಾಂಟೆರಿಯಲ್ಲಿ ಒಂದು ಹರಾಜು. ಎರಡೇ ಸೀಟಿನ, ಮೇಲೆ ಚಾವಣಿ ಇಲ್ಲದ, 1962ರ ಒಂದು ಕಾರು. ಹೆಸರು ಶೆಲ್ಬಿ ಕೋಬ್ರಾ. ಚಾಸಿಸ್ ನಂಬರ್ ಸಿಎಸ್‌ಎಕ್ಸ್ 2000, ಅಂದ್ರೆ ಕೋಬ್ರಾ ವಂಶದ ಮೊಟ್ಟಮೊದಲ ಕಾರು. ಅದು ಹೋದ ಬೆಲೆ 1 ಕೋಟಿ 37 ಲಕ್ಷ 50 ಸಾವಿರ ಡಾಲರ್. ಆಗಿನ ಲೆಕ್ಕದಲ್ಲಿ ನಮ್ಮ 90 ಕೋಟಿ ರೂಪಾಯಿಗೂ ಮೇಲೆ.

ಈಗ ಇನ್ನೊಂದು ಚಿತ್ರ ನೋಡಿ. ಅದೇ ಆಕಾರ. ಅದೇ ಬಾಯಿ ಬಿಟ್ಟಂತಿರುವ ಮುಖ. ಅದೇ ಉಬ್ಬಿದ ಮಡ್‌ಗಾರ್ಡು. ಆದರೆ ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಯಾರದೋ ಗ್ಯಾರೇಜಿನ ಮೂಲೆಯಲ್ಲಿ, ಟಾರ್ಪಾಲಿನ ಕೆಳಗೆ, ಟೈರಿನ ಗಾಳಿ ಇಳಿದು ಕೂತಿರುತ್ತೆ. ಕಟ್ಟಿದವರು ತೀರಿಕೊಂಡಿರುತ್ತಾರೆ. ಮಕ್ಕಳಿಗೆ ಅದು ಏನು ಅಂತಾನೇ ಗೊತ್ತಿರಲ್ಲ. ಅದು ಕಿಟ್ ಕಾರು. ಕಂಪನಿ ಪೆಟ್ಟಿಗೆಯಲ್ಲಿ ಕೊಟ್ಟ ಬಿಡಿಭಾಗ ತಂದು, ಬೇರೆ ಹಳೇ ಕಾರಿನ ಇಂಜಿನ್ನು ಗೇರ್‌ಬಾಕ್ಸು ಹಾಕಿ, ಮನೆಯಲ್ಲೇ ಜೋಡಿಸಿದ ಕಾರು. ಅಸಲಿ ಕೋಬ್ರಾ ತಯಾರಾಗಿದ್ದು ಸುಮಾರು ಒಂದು ಸಾವಿರ. ಅದರ ಪ್ರತಿಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ.

ಹಾಗಾದ್ರೆ ಇವತ್ತಿನ ಪ್ರಶ್ನೆ ಇದು. ಮೂಲೆಗೆ ಬಿದ್ದ ಆ ನಕಲಿ ಕಾರನ್ನು ಗುರುತು ಹಿಡಿಯೋದು ಹೇಗೆ? ಹಿಡಿದ ಮೇಲೆ ದುರಸ್ತಿ ಮಾಡಬೇಕಾ, ಗುಜರಿಗೆ ಹಾಕಬೇಕಾ? ನಕಲಿಗೂ ಒಂದು ಚರಿತ್ರೆ ಅಂತ ಇರುತ್ತಾ?

ಚರಿತ್ರೆ ಇದೆ. ಅದು ಶುರುವಾಗಿದ್ದು ಮೋಸದಿಂದ ಅಲ್ಲ, ತೆರಿಗೆಯಿಂದ.

ಎರಡನೇ ಮಹಾಯುದ್ಧ ಮುಗಿದಿದೆ. ಬ್ರಿಟನ್ ಕೈಯಲ್ಲಿ ಕಾಸಿಲ್ಲ. ಹೊಸ ಕಾರು ಕೊಂಡರೆ ಅದರ ಮೇಲೆ ಭಾರಿ ಖರೀದಿ ತೆರಿಗೆ. ಆದರೆ ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಇಡೀ ಕಾರಿಗೆ ತೆರಿಗೆ, ಬಿಡಿಭಾಗವಾಗಿ ಕೊಂಡು ನೀವೇ ಜೋಡಿಸಿಕೊಂಡರೆ ಆ ತೆರಿಗೆ ಇಲ್ಲ! ಆ ಕಿಂಡಿಯನ್ನು ಸರಿಯಾಗಿ ಬಳಸಿಕೊಂಡವರು ಕಾಲಿನ್ ಚಾಪ್‌ಮನ್. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು, ಲೋಟಸ್ ಕಂಪನಿಯ ಸ್ಥಾಪಕರು. 1957ರಲ್ಲಿ ಅವರು ಲೋಟಸ್ ಸೆವೆನ್ ಬಿಟ್ಟರು. ಬೇಡದ್ದೆಲ್ಲ ಕಿತ್ತು ಹಾಕಿದ, ಹಗುರವಾದ ಕಾರು. ಬಹಳಷ್ಟು ಜನ ಅದನ್ನು ಕಿಟ್ ರೂಪದಲ್ಲೇ ಕೊಂಡರು. ಸಂಬಳದ ಮನುಷ್ಯನೂ ಸ್ಪೋರ್ಟ್ಸ್ ಕಾರಿನ ಒಡೆಯನಾದ. 1973ರ ಏಪ್ರಿಲ್ 1ಕ್ಕೆ ಬ್ರಿಟನ್ನಿಗೆ ವ್ಯಾಟ್ ಬಂತು. ಕಿಂಡಿ ಮುಚ್ಚಿತು. ಆದರೆ ಅಷ್ಟರಲ್ಲಿ ಜನಕ್ಕೆ ಸ್ಪ್ಯಾನರ್ ರುಚಿ ಹತ್ತಿತ್ತು. ಸೆವೆನ್ ತಯಾರಿಸೋ ಹಕ್ಕು ಅದೇ ವರ್ಷ ಕೇಟರ್‌ಹ್ಯಾಮ್ ಕೈಗೆ ಹೋಯ್ತು.

ಕಿಟ್ ಕಾರಿಗೆ ಬೇಕಾದ ಇನ್ನೆರಡು ಸಾಮಗ್ರಿ ಬೇರೆ ಕಡೆಯಿಂದ ಬಂದವು. ಒಂದು, ಫೈಬರ್ ಗ್ಲಾಸ್. ಉಕ್ಕಿನ ಬಾಡಿ ಒತ್ತಬೇಕಾದ್ರೆ ದೊಡ್ಡ ಪ್ರೆಸ್ಸು, ಕೋಟಿಗಟ್ಟಲೆ ಬಂಡವಾಳ ಬೇಕು. ಗಾಜಿನ ನಾರಿನ ಚಾಪೆಗೆ ರೆಸಿನ್ ಸವರಿ ಅಚ್ಚಿನಲ್ಲಿ ಒಣಗಿಸೋಕೆ ಒಂದು ಶೆಡ್ಡು ಸಾಕು. 1953ರಲ್ಲಿ ಶೆವ್ರೊಲೆ ಕಾರ್ವೆಟ್ ಆ ಬಾಡಿಯಲ್ಲೇ ರಸ್ತೆಗಿಳಿದಿತ್ತು. ಆದರೆ ಇದರ ಇನ್ನೊಂದು ಮುಖ ನೋಡಿ. ಅಸಲಿ ಕಾರಿಗೆ ಮೇಣ ಬಳಿದು, ಅದರ ಮೇಲೆ ಫೈಬರ್ ಹಾಕಿ ಅಚ್ಚು ತೆಗೆದುಬಿಟ್ಟರೆ ಆಯ್ತು. ಎಷ್ಟು ಪ್ರತಿ ಬೇಕೋ ಅಷ್ಟು!

ಎರಡನೆಯದು ಫೋಕ್ಸ್‌ವ್ಯಾಗನ್ ಬೀಟಲ್. ಬೋಲ್ಟ್ ಬಿಚ್ಚಿದರೆ ಬಾಡಿ ಪೂರ್ತಿ ಎದ್ದು ಬರುತ್ತೆ. ಕೆಳಗೆ ಉಳಿಯೋದು ತಟ್ಟೆಯಂಥ ನೆಲ, ನಡುವೆ ಬೆನ್ನೆಲುಬಿನಂಥ ಸುರಂಗ, ನಾಲ್ಕು ಚಕ್ರ, ಹಿಂದೆ ಗಾಳಿಯಿಂದ ತಣ್ಣಗಾಗುವ ಇಂಜಿನ್ನು. ಅದು ಹಾಗೇ ಓಡುತ್ತೆ. 1964ರಲ್ಲಿ ಬ್ರೂಸ್ ಮೇಯರ್ಸ್ ಕ್ಯಾಲಿಫೋರ್ನಿಯಾದಲ್ಲಿ ಬೀಟಲ್‌ನ ಯಂತ್ರಭಾಗ ಬಳಸಿ ಫೈಬರ್ ಮೈಯ ಮೇಯರ್ಸ್ ಮ್ಯಾಂಕ್ಸ್ ಕಟ್ಟಿದರು. ಮರಳುಗುಡ್ಡದ ಮೇಲೆ ಓಡೋ ಬಗ್ಗಿ. ಜನ ಮುಗಿಬಿದ್ದರು. ನಕಲು ಮಾಡೋರೂ ಮುಗಿಬಿದ್ದರು. ಮೇಯರ್ಸ್ ಕೋರ್ಟಿಗೆ ಹೋದರು, ಆದರೆ ಅವರ ಪೇಟೆಂಟ್ ಅಲ್ಲಿ ನಿಲ್ಲಲಿಲ್ಲ. ಕಿಟ್ ಮಾಡಿದವರನ್ನೇ ಕಿಟ್ ಮಾಡಿ ಮಾರಿದರು!

ಬೀಟಲ್ ನೆಲದ ಮೇಲೆ ಎದ್ದ ಇನ್ನೊಂದು ದೊಡ್ಡ ಸಂತಾನ ಪೋರ್ಷೆ 356 ಸ್ಪೀಡ್‌ಸ್ಟರ್‌ನ ಪ್ರತಿಗಳು. ಇಲ್ಲೇ ಇರೋದು ತಮಾಷೆ. ಬೀಟಲ್ ವಿನ್ಯಾಸ ಮಾಡಿದವರು ಫರ್ಡಿನಾಂಡ್ ಪೋರ್ಷೆ. 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್‌ನಲ್ಲಿ ಅವರ ಮಗ ಫೆರಿ ಪೋರ್ಷೆ ಮೊದಲ 356 ಕಟ್ಟಿದಾಗ ಇಂಜಿನ್ನು, ಸಸ್ಪೆನ್ಷನ್ನು ಎಲ್ಲಾ ತಂದಿದ್ದು ಎಲ್ಲಿಂದ? ಇದೇ ಫೋಕ್ಸ್‌ವ್ಯಾಗನ್‌ನಿಂದ! ಅಂದರೆ ಅಸಲಿ ಪೋರ್ಷೆಯೂ ಒಂದು ಲೆಕ್ಕದಲ್ಲಿ ಬೀಟಲ್ ಭಾಗಗಳಿಂದ ಹುಟ್ಟಿದ್ದೇ. ಬೀಟಲ್ ಮೇಲೆ ಪೋರ್ಷೆ ಮೈ ಕೂರಿಸಿದವರು ಮಗಳನ್ನು ತವರಿಗೆ ಕಳಿಸಿದ ಹಾಗೆ.

ಈಗ ಗ್ಯಾರೇಜಿಗೆ ಬರೋಣ. ಟಾರ್ಪಾಲ್ ತೆಗೆದಿದ್ದೀರಿ. ಮುಂದೆ ಪೋರ್ಷೆ ಸ್ಪೀಡ್‌ಸ್ಟರ್ ತರಹದ ಕಾರು ನಿಂತಿದೆ. ಬ್ಯಾಡ್ಜು ಪೋರ್ಷೆ ಅಂತಿದೆ. ನಂಬಬೇಡಿ. ಬ್ಯಾಡ್ಜು ಅಂಗಡಿಯಲ್ಲಿ ಸಿಗುತ್ತೆ.

ಮೊದಲು ಒಂದು ಅಯಸ್ಕಾಂತ ತನ್ನಿ. ಅಸಲಿ ಸ್ಪೀಡ್‌ಸ್ಟರ್‌ನ ಮೈ ಉಕ್ಕು, ಕಚ್ಚಿಕೊಳ್ಳುತ್ತೆ. ಫೈಬರ್ ಆದರೆ ಜಾರಿ ಬೀಳುತ್ತೆ. ಕೋಬ್ರಾ ಆದರೆ ಈ ಪರೀಕ್ಷೆ ನಡೆಯಲ್ಲ, ಯಾಕಂದ್ರೆ ಅಸಲಿ ಕೋಬ್ರಾದ ಮೈ ಅಲ್ಯೂಮಿನಿಯಂ. ಅದಕ್ಕೂ ಅಯಸ್ಕಾಂತ ಹಿಡಿಯಲ್ಲ. ಆಗ ಮಡ್‌ಗಾರ್ಡಿನ ಒಳಗೆ ಟಾರ್ಚ್ ಬಿಡಿ. ಫೈಬರ್ ಆದರೆ ಒಳಮೈಯಲ್ಲಿ ನಾರಿನ ಒರಟು ನೇಯ್ಗೆ ಕಾಣುತ್ತೆ.

ಎರಡನೆಯದು ಅಳತೆ ಟೇಪು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಸಲಿ 356ರಲ್ಲಿ 2,100 ಮಿಲಿಮೀಟರ್. ಬೀಟಲ್‌ನಲ್ಲಿ 2,400. ಅಂದ್ರೆ ಬೀಟಲ್ ನೆಲವನ್ನು ಸ್ಪೀಡ್‌ಸ್ಟರ್ ಮಾಡಬೇಕಾದ್ರೆ ಸುಮಾರು ಒಂದಡಿ ಕತ್ತರಿಸಿ ಮತ್ತೆ ಬೆಸೆಯಬೇಕು. ಕಾರಿನ ಕೆಳಗೆ ಮಲಗಿ ಆ ವೆಲ್ಡಿಂಗ್ ಗೆರೆ ಹುಡುಕಿ. ಅದು ಆ ಕಾರಿನ ಹೊಟ್ಟೆಯ ಹೊಲಿಗೆ. ನೀಟಾಗಿದ್ದರೆ ಕಟ್ಟಿದವನು ಕೆಲಸ ಬಲ್ಲವನು. ಉಂಡೆ ಉಂಡೆಯಾಗಿದ್ದು ತುಕ್ಕು ಹಿಡಿದಿದ್ದರೆ ಆ ಕಾರನ್ನು ಓಡಿಸೋ ಮಾತು ಆಮೇಲೆ, ಮೊದಲು ಜೀವದ ಮಾತು.

ಮೂರನೆಯದು ನಂಬರು. ಬೀಟಲ್‌ನ ಚಾಸಿಸ್ ನಂಬರ್ ಹಿಂದಿನ ಸೀಟಿನ ಕೆಳಗೆ, ಸುರಂಗದ ಮೇಲೆ ಹೊಡೆದಿರುತ್ತೆ. ಅದು ಸಿಕ್ಕರೆ ಈ ಕಾರಿನ ಹಿಂದಿನ ಜನ್ಮ ಯಾವ ವರ್ಷದ್ದು ಅಂತ ಗೊತ್ತಾಗುತ್ತೆ. ಗಾಜಿನ ಮೂಲೆಯ ಗುರುತು, ಟೇಲ್ ಲ್ಯಾಂಪಿನ ಹಿಂದಿರುವ ಅಕ್ಷರ, ಬಾಗಿಲ ಹಿಡಿಯ ಮೂಲ, ಎಲ್ಲಾ ನೋಡಿ. ಕಿಟ್ ಕಂಪನಿಗಳು ಇವನ್ನೆಲ್ಲ ತಾವೇ ಮಾಡ್ತಿರಲಿಲ್ಲ, ಸಾದಾ ಕಾರುಗಳಿಂದ ತರುತ್ತಿದ್ದವು. ಲೋಟಸ್ ಎಸ್ಪ್ರಿಯಂಥ ಹೆಸರಾಂತ ಕಾರೇ ಮಾರಿಸ್ ಮರೀನಾದ ಬಾಗಿಲ ಹಿಡಿ ಹಾಕಿಕೊಂಡಿತ್ತು. ಕೊನೆಗೆ ಟೈರ್ ನೋಡಿ. 2000ದ ನಂತರದ ಟೈರಿನಲ್ಲಿ ನಾಲ್ಕು ಅಂಕಿ ಇರುತ್ತೆ. 2308 ಅಂತ ಇದ್ದರೆ 2008ರ 23ನೇ ವಾರ ತಯಾರಾದ ಟೈರು. ಕಾರು ಕೊನೇ ಸಲ ಯಾವಾಗ ಚಪ್ಪಲಿ ಬದಲಿಸಿತ್ತು ಅಂತ ಅಲ್ಲಿಗೆ ಅಂದಾಜಾಗುತ್ತೆ.

ಇಷ್ಟೆಲ್ಲಾ ಪತ್ತೇದಾರಿ ಯಾಕೆ? ಗುರುತು ಅನ್ನೋದು ಬರೀ ಕುತೂಹಲ ಅಲ್ಲ, ಕಾನೂನು. ಬ್ರಿಟನ್ನಿನಲ್ಲಿ ಬಹಳ ವರ್ಷ ಒಂದು ಅಂಕಪದ್ಧತಿ ನಡೆದುಬಂತು. ಬದಲಾಯಿಸಿದ ಕಾರು ತನ್ನ ಹಳೇ ನಂಬರ್ ಉಳಿಸಿಕೊಳ್ಳಬೇಕಾದ್ರೆ 14ರಲ್ಲಿ ಕನಿಷ್ಠ 8 ಅಂಕ ತೆಗೀಬೇಕು. ಮೂಲ ಚಾಸಿಸ್‌ಗೆ 5. ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗ್, ಇವಕ್ಕೆ ತಲಾ 2. ಇಂಜಿನ್ನಿಗೆ? ಬರೀ 1! ನಾವೆಲ್ಲ ಕಾರಿನ ಹೃದಯ ಇಂಜಿನ್ ಅಂತೀವಿ. ಆದರೆ ಗುರುತಿನ ಚೀಟಿ ಇರೋದು ಮೂಳೆಯಲ್ಲಿ. ಚಾಸಿಸ್ ಕತ್ತರಿಸಿದರೆ ಆ 5 ಅಂಕ ಹೋಯ್ತು, ಹಳೇ ನಂಬರಿನ ಹಕ್ಕೂ ಹೋಯ್ತು. ವಯಸ್ಸು, ಮೂಲ ಎರಡೂ ಸಾಬೀತಾಗದ ಕಾರಿಗೆ ಸಿಗೋದು ‘ಕ್ಯೂ’ ಅಕ್ಷರದ ನಂಬರ್ ಪ್ಲೇಟು. ಅಪ್ಪ ಅಮ್ಮ ಯಾರು ಅಂತ ಗೊತ್ತಿಲ್ಲ ಅನ್ನೋ ಸರ್ಕಾರಿ ಷರಾ ಅದು.

ನಮ್ಮಲ್ಲಂತೂ ಬಾಗಿಲು ಇನ್ನೂ ಕಿರಿದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ ‘ವಿಎ’ ಅಕ್ಷರದ ನೋಂದಣಿ ತಂತು. ಅಲ್ಲೂ ಷರತ್ತು ಒಂದೇ: ಮೂಲ ರೂಪದಲ್ಲಿರಬೇಕು.

ಇನ್ನು ಮಾರಾಟದ ಮಾತು. ಪ್ರತಿ ಮಾಡೋದು ತಪ್ಪಾ? ಈ ಪ್ರಶ್ನೆ ಅಮೆರಿಕದ ಕೋರ್ಟಿಗೆ ಹೋಯ್ತು. ‘ಮಯಾಮಿ ವೈಸ್’ ಅನ್ನೋ ಜನಪ್ರಿಯ ಟಿವಿ ಸರಣಿಯಲ್ಲಿ ನಾಯಕ ಓಡಿಸ್ತಿದ್ದ ಕಪ್ಪು ಫೆರಾರಿ ಡೇಟೋನಾ ನಿಜಕ್ಕೂ ಫೆರಾರಿ ಆಗಿರಲಿಲ್ಲ. ಕಾರ್ವೆಟ್ ಚಾಸಿಸ್ ಮೇಲೆ ಕೂರಿಸಿದ ಪ್ರತಿ. ಫೆರಾರಿ ಕಂಪನಿ ಕೆರಳಿತು. ಪ್ರತಿ ಮಾಡಿದವರ ಮೇಲೆ ಕೇಸು, ಸರಣಿಗೆ ಅಸಲಿ ಬಿಳಿ ಟೆಸ್ಟರೋಸಾ. ತೆರೆಯ ಮೇಲೆ ಆ ಕಪ್ಪು ಕಾರನ್ನು ಕ್ಷಿಪಣಿ ಹೊಡೆದು ಉಡಾಯಿಸಿದರು. 1991ರಲ್ಲಿ ‘ಫೆರಾರಿ ವಿರುದ್ಧ ರಾಬರ್ಟ್ಸ್’ ಎಂಬ ಇಂಥದೇ ಮತ್ತೊಂದು ಪ್ರಕರಣದ ಮೇಲ್ಮನವಿ ತೀರ್ಪು ಬಂತು. ಕಿಟ್ ಮಾಡಿದವರ ವಾದ, ‘ನನ್ನ ಗಿರಾಕಿಗೆ ಇದು ಫೆರಾರಿ ಅಲ್ಲ ಅಂತ ಗೊತ್ತು.’ ನ್ಯಾಯಾಲಯ ಹೇಳಿದ್ದು, ‘ಗಿರಾಕಿಗೆ ಗೊತ್ತಿರಬಹುದು, ರಸ್ತೆಯಲ್ಲಿ ನೋಡುವವನಿಗೆ ಗೊತ್ತಿಲ್ಲವಲ್ಲ’ ಅನ್ನೋ ಅರ್ಥದ ಮಾತು. ಫೆರಾರಿ ಗೆದ್ದಿತು.

ಹಾಗಂತ ಅಸಲಿಯವರೆಲ್ಲ ಸಾಚಾ, ನಕಲಿಯವರೆಲ್ಲ ಕಳ್ಳರು ಅಂದುಕೊಳ್ಳಬೇಡಿ. 1993ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಒಂದು ಸುದ್ದಿ ಬಯಲಿಗೆಳೆಯಿತು. 60ರ ದಶಕದ ಉಳಿದ ಚಾಸಿಸ್ ಮೇಲೆ ಕಟ್ಟಿದ್ದು ಅಂತ ಹೇಳಲಾದ ಕೆಲವು ಕೋಬ್ರಾಗಳ ಚಾಸಿಸ್ ಹೊಸದಾಗಿ ತಯಾರಾಗಿತ್ತು. ಅವಕ್ಕೆ ಹಳೇ ನಂಬರಿನ ದಾಖಲೆ ಮಾಡಿಸಿದವರು ಯಾರು? ಸ್ವತಃ ಕ್ಯಾರಲ್ ಶೆಲ್ಬಿ! 1959ರಲ್ಲಿ ಲೆ ಮ್ಯಾನ್ಸ್ ರೇಸ್ ಗೆದ್ದವರು, ಕೋಬ್ರಾದ ಜನಕ. ತನ್ನ ಕಾರನ್ನು ತಾನೇ ನಕಲು ಮಾಡಿದ ಆರೋಪ ಹೊತ್ತ ಮನುಷ್ಯ. ಹೋಲಿಸಿ ನೋಡಿ. ಮನೆಯಲ್ಲಿ ಕಿಟ್ ಜೋಡಿಸಿ ‘ಇದು ರೆಪ್ಲಿಕಾ’ ಅಂತ ಬಾಯಿಬಿಟ್ಟು ಹೇಳಿದ ಮೇಷ್ಟರೋ, ಮೆಕ್ಯಾನಿಕ್ಕೋ, ಅವರು ಹೆಚ್ಚು ಪ್ರಾಮಾಣಿಕರು ತಾನೆ?

ಇನ್ನು ದುರಸ್ತಿ. ಕಿಟ್ ಕಾರಿನ ಮೈ ತುಕ್ಕು ಹಿಡಿಯಲ್ಲ, ಅದೇ ಮೋಸ. ಮೇಲೆ ಬಣ್ಣ ಫಳಫಳ ಅಂತಿರುತ್ತೆ, ಕೆಳಗಿನ ಉಕ್ಕು ತಿಂದುಹೋಗಿರುತ್ತೆ. ಮೇಲ್ಪದರದಲ್ಲಿ ನಕ್ಷತ್ರದಂಥ ಬಿರುಕು ಕಂಡರೆ ಅಲ್ಲಿ ಏನೋ ಬಡಿದಿದೆ ಅಂತರ್ಥ, ಬರೀ ಪುಟ್ಟಿ ಮೆತ್ತಬೇಡಿ. ವರ್ಷಗಟ್ಟಲೆ ನಿಂತ ಕಾರಿನ ಬ್ರೇಕ್ ಆಯಿಲ್ ನೀರು ಹೀರಿಕೊಂಡಿರುತ್ತೆ, ರಬ್ಬರ್ ಪೈಪು ಒಳಗೇ ಊದಿಕೊಂಡಿರುತ್ತೆ. ಇಂಜಿನ್ ಸ್ಟಾರ್ಟ್ ಮಾಡೋ ಆಸೆಗೆ ಮೊದಲು ಬ್ರೇಕು, ಪೆಟ್ರೋಲ್ ಪೈಪು, ವೈರಿಂಗು. ವೈರಿಂಗಿನಲ್ಲಿ ಒಂದು ಸೂಕ್ಷ್ಮ ಇದೆ. ಉಕ್ಕಿನ ಕಾರಿನಲ್ಲಿ ಮೈಯೇ ಅರ್ತ್. ಒಂದು ತಂತಿ ಎಳೆದರೆ ದೀಪ ಉರಿಯುತ್ತೆ. ಫೈಬರ್‌ನಲ್ಲಿ ಕರೆಂಟು ಹರಿಯಲ್ಲ. ಪ್ರತಿ ದೀಪಕ್ಕೂ ಬೇರೆ ಅರ್ತ್ ತಂತಿ ಬೇಕು. ಹಳೇ ಕಿಟ್ ಕಾರಿನಲ್ಲಿ ದೀಪ ಮಿಣಮಿಣ ಅಂದರೆ ಬಲ್ಬ್ ಬದಲಿಸೋದಕ್ಕೆ ಮೊದಲು ಆ ತಂತಿ ನೋಡಿ.

ಆದರೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಸ್ಪ್ಯಾನರಿನದಲ್ಲ. ಇದನ್ನು ಏನಾಗಿ ದುರಸ್ತಿ ಮಾಡ್ತೀರಿ? ಪೋರ್ಷೆ ಬ್ಯಾಡ್ಜು ಹೊಳಪು ಮಾಡಿ, ಗೊತ್ತಿಲ್ಲದವನಿಗೆ ಅಸಲಿ ಅಂತ ದಾಟಿಸಿದರೆ ಅದು ಅಪರಾಧ. ಪೂರ್ತಿ ಕಿತ್ತು ಹಾಕಿ ಹೊಸ ಭಾಗ ತುಂಬಿದರೆ ಕಟ್ಟಿದವನ ಕೈಗುರುತೇ ಅಳಿಸಿಹೋಗುತ್ತೆ. ಎಷ್ಟೋ ಕಿಟ್ ಕಂಪನಿಗಳು ನಾಲ್ಕಾರು ವರ್ಷ ನಡೆದು ಮುಚ್ಚಿಹೋದವು. ಲೆಡ್ಜರ್ ಇಲ್ಲ, ಪಟ್ಟಿ ಇಲ್ಲ. ಅವುಗಳ ಇತಿಹಾಸ ಉಳಿದಿರೋದು ಆ ಕಾರುಗಳ ಮೈಯಲ್ಲೇ. ಆ ವೆಲ್ಡಿಂಗ್ ಗೆರೆ, ಆ ಕೈಬರಹದ ವೈರಿಂಗ್ ಚೀಟಿ, ಬೇರೆ ಕಾರಿನ ಬಾಗಿಲ ಹಿಡಿ, ಇವೇ ಶಾಸನ. ಹಾಗಾಗಿ ಪ್ರಾಣಕ್ಕೆ ಸಂಬಂಧಿಸಿದ್ದನ್ನು ಹೊಸದು ಮಾಡಿ, ಚರಿತ್ರೆಗೆ ಸಂಬಂಧಿಸಿದ್ದನ್ನು ಫೋಟೋ ತೆಗೆದು ಉಳಿಸಿ, ಕಾಗದದಲ್ಲಿ ‘ರೆಪ್ಲಿಕಾ’ ಅಂತ ದಪ್ಪಕ್ಷರದಲ್ಲಿ ಬರೀರಿ.

ಇದು ಬರೀ ಭಾವನೆಯ ಮಾತಲ್ಲ. 2014ರಲ್ಲಿ ಅಮೆರಿಕದಲ್ಲಿ ರಾಷ್ಟ್ರೀಯ ಐತಿಹಾಸಿಕ ವಾಹನಗಳ ದಾಖಲೆ ಶುರುವಾಯ್ತು. ಕಟ್ಟಡಗಳಂತೆ ಕಾರುಗಳನ್ನೂ ಅಳೆದು, ಚಿತ್ರ ಬರೆದು ಕಾಪಿಡೋ ಕೆಲಸ. ಮೊದಲ ಹೆಸರು ಶೆಲ್ಬಿ ಕೋಬ್ರಾ ಡೇಟೋನಾ ಕೂಪೆ, ಸಿಎಸ್‌ಎಕ್ಸ್ 2287. ವರ್ಷಗಟ್ಟಲೆ ಗೋದಾಮಿನಲ್ಲಿ ಮರೆಯಾಗಿದ್ದು ಆಮೇಲೆ ಸಿಕ್ಕ ಕಾರು. ಎರಡನೇ ಹೆಸರು ಯಾವುದು ಗೊತ್ತಾ? ಬ್ರೂಸ್ ಮೇಯರ್ಸ್ ತಮ್ಮ ಕೈಯಾರೆ ಫೈಬರ್‌ನಲ್ಲಿ ಕಟ್ಟಿದ ಮೊದಲ ಕೆಂಪು ಮ್ಯಾಂಕ್ಸ್. ಕೋಟಿ ಬೆಲೆಯ ರೇಸ್ ಕಾರಿನ ಪಕ್ಕದಲ್ಲೇ ಬೀಟಲ್ ಇಂಜಿನ್ನಿನ ಬಗ್ಗಿ ಕೂತಿದೆ. ದಾಖಲೆಗೆ ಬೇಕಾಗಿದ್ದು ಬೆಲೆ ಅಲ್ಲ, ನಿಜ.