ತ್ರೀ ನಾಟ್ ತ್ರೀ: ಯಾರೂ ಸಂಗ್ರಹಿಸಲಾಗದ ಕೋವಿ

ಆಂಟಾಪ್ ಹಿಲ್‌ನ ಹಳಬರಿಗೆ ಈ ಕೋವಿಯ ಪರಿಚಯ ಹೇಳಬೇಕಾಗಿಲ್ಲ. ಚುನಾವಣೆ ಬಂದರೆ ಮತಗಟ್ಟೆಯ ಬಾಗಿಲಲ್ಲಿ, ಊರು ಬಿಸಿಯಾದರೆ ನಾಕಾದ ಮೂಲೆಯಲ್ಲಿ, ಕಂದು ಮರದ ಮೊಂಡು ಮೂತಿಯ ಬಂದೂಕು ಹಿಡಿದ ಪೊಲೀಸರು ನಿಂತಿರುತ್ತಿದ್ದರು. 1992–93ರ ಗಲಭೆಯಲ್ಲಿ ಈ ಠಾಣೆಯ ಸರಹದ್ದೂ ನೊಂದಿತ್ತು. ಶ್ರೀಕೃಷ್ಣ ಆಯೋಗದ ವರದಿಯಲ್ಲಿ ಅದರ ಹೆಸರಿದೆ. ಆ ಬಂದೂಕನ್ನು ಎಲ್ಲರೂ ಕರೆಯುತ್ತಿದ್ದುದು ‘ತ್ರೀ ನಾಟ್ ತ್ರೀ’ ಎಂದೇ. ನಿಮ್ಮಲ್ಲಿ ಎನ್‌ಸಿಸಿ ಸೇರಿದ್ದವರು ಅದನ್ನು ಹೊತ್ತೂ ಬಲ್ಲಿರಿ. ತೂಕ ನಾಲ್ಕು ಕಿಲೋ. ಬಿಸಿಲಿನ ಪೆರೇಡ್ ಮುಗಿಯುವಷ್ಟರಲ್ಲಿ ಹತ್ತು.

ಅದರ ನಿಜವಾದ ಹೆಸರು ಲೀ-ಎನ್‌ಫೀಲ್ಡ್. ಬೋಲ್ಟ್ ಜೇಮ್ಸ್ ಪ್ಯಾರಿಸ್ ಲೀ ಎಂಬಾತನದು, ನಳಿಗೆ ಎನ್‌ಫೀಲ್ಡ್ ಕಾರ್ಖಾನೆಯದು. 1895ರಲ್ಲಿ ಬ್ರಿಟಿಷ್ ಸೇನೆ ಸೇರಿತು. ನಾವು ಕಂಡ ಮೊಂಡು ಮೂತಿಯ ಮಾದರಿ, ಮಾರ್ಕ್ 3, 1907ರದು. ಪ್ರತಿ ಗುಂಡಿಗೂ ಕೈಯಾರೆ ಬೋಲ್ಟ್ ಎತ್ತಿ, ಹಿಂದಕ್ಕೆಳೆದು, ಮುಂದೆ ತಳ್ಳಿ, ಕೆಳಗೊತ್ತಬೇಕು. ಕೇಳಲು ನಿಧಾನ ಅನಿಸಬಹುದು. ಆದರೆ ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸಿಪಾಯಿಯಿಂದ ನಿಮಿಷಕ್ಕೆ 15 ಗುರಿಯಿಟ್ಟ ಗುಂಡುಗಳನ್ನು ನಿರೀಕ್ಷಿಸುತ್ತಿದ್ದರು, ಅದೂ 300 ಗಜ ದೂರಕ್ಕೆ. ಮ್ಯಾಗಜೀನಿನಲ್ಲಿ ಹತ್ತು ತೋಟೆ.

ಇದನ್ನು ಕಲ್ಕತ್ತಾ ಬಳಿಯ ಇಷಾಪುರದ ರೈಫಲ್ ಫ್ಯಾಕ್ಟರಿಯಲ್ಲೂ ಮಾಡಿದರು, ಸ್ವಾತಂತ್ರ್ಯ ಬಂದ ಮೇಲೂ ಮಾಡಿದರು. ಬೋಲ್ಟ್ ಹಿಡಿಕೆಯ ಕೆಳಗಿನ ಲೋಹದ ಪಟ್ಟಿಯನ್ನು ನೋಡಿದರೆ ಇತಿಹಾಸ ಕಾಣುತ್ತದೆ. ಹಳೆಯದರಲ್ಲಿ ಕಿರೀಟ, ಆಮೇಲಿನದರಲ್ಲಿ ಅಶೋಕ ಸ್ತಂಭದ ಸಿಂಹ. ಕಾರ್ಖಾನೆಯೂ ಅದೇ, ಕೋವಿಯೂ ಅದೇ. 1962ರಲ್ಲಿ ಚೀನಾದ ಎದುರು ನಮ್ಮ ಜವಾನರ ಕೈಯಲ್ಲಿದ್ದುದೂ ಇದೇ. ಆ ಯುದ್ಧದ ನಂತರ ಇಷಾಪುರದವರು ಗಟ್ಟಿ ಉಕ್ಕಿನಲ್ಲಿ 7.62 ತೋಟೆಗೆ ಹೊಂದುವಂತೆ ‘2ಎ1’ ಮಾಡಿದರು. ನಳಿಗೆ ಕೊರೆದು ನಯಮಾಡಿ, ಮ್ಯಾಗಜೀನಿಗೆ ಮರದ ತುಂಡು ತುರುಕಿ, ಒಂದೊಂದೇ ತೋಟೆಯ .410 ಮಸ್ಕೆಟ್‌ಗಳನ್ನೂ ಪೊಲೀಸರಿಗೆಂದು ಮಾಡಿದರು. ಜನರನ್ನು ಚದುರಿಸಲು ಅಷ್ಟು ಸಾಕು ಎಂಬ ಲೆಕ್ಕ.

ಹಳೆಯ ಮಿಲಿಟರಿ ರೈಫಲ್ ಸಂಗ್ರಹಿಸುವವರಿಗೆ ಇವೆಲ್ಲ ರುಚಿಯಾದ ವಿವರಗಳು. ಇಷಾಪುರದ ಕೋವಿಯ ಮುಂಭಾಗದ ಮರಕ್ಕೆ, ಅದು ಸೀಳದಿರಲೆಂದು, ಅಡ್ಡಲಾಗಿ ಒಂದು ಸ್ಕ್ರೂ ಹೊಡೆದಿರುತ್ತಾರೆ. ಗ್ರೆನೇಡ್ ಹಾರಿಸಲು ಬಳಸಿದ್ದಾದರೆ ಮರದ ಸುತ್ತ ತಂತಿ ಬಿಗಿದಿರುತ್ತದೆ. ಅದನ್ನು ನೋಡಿಯೇ ಊರು ಹೇಳುವವರಿದ್ದಾರೆ, ಆದರೆ ಅವರು ಇರುವುದು ಅಮೆರಿಕದಲ್ಲಿ. ಸೇನೆಗೆ ಬೇಡವಾದ ನಮ್ಮ 2ಎ1ಗಳು ಅಲ್ಲಿನ ಅಂಗಡಿಗಳಿಗೆ ಹೋದವು. ಅಲ್ಲಿ 50 ವರ್ಷ ದಾಟಿದ ಬಂದೂಕು ಕಾನೂನಿನ ಕಣ್ಣಲ್ಲಿ ‘ಅಪರೂಪದ ಹಳೆಯ ವಸ್ತು’. ಸಂಗ್ರಾಹಕರಿಗೆ ಬೇರೆಯದೇ ಲೈಸೆನ್ಸ್ ಇದೆ.

ಇಲ್ಲಿ ವಯಸ್ಸಿಗೆ ಬೆಲೆಯಿಲ್ಲ. 1962ರ ಆಯುಧ ನಿಯಮಗಳ ಪಟ್ಟಿಯಲ್ಲಿ .303 ಮತ್ತು 7.62 ಬೋರಿನ ಬೋಲ್ಟ್ ರೈಫಲ್, .410 ಮಸ್ಕೆಟ್ ಎಲ್ಲವೂ ನಿಷೇಧಿತ ವರ್ಗಕ್ಕೆ ಸೇರಿದ್ದವು. ಸೇನೆಯ ತೋಟೆ ತಿನ್ನುವ ಬಂದೂಕು ಸಾಮಾನ್ಯರಿಗಿಲ್ಲ. ಬೇಟೆಗಾರರಿಗಾಗಿ ಅದೇ ಲೀ-ಎನ್‌ಫೀಲ್ಡ್ ಬೋಲ್ಟಿಗೆ .315ರ ನಳಿಗೆ ಜೋಡಿಸಿ ಇಷಾಪುರದವರು ಮಾರಿದ್ದು ಇದೇ ಕಾರಣಕ್ಕೆ. 1959ರ ಆಯುಧ ಕಾಯ್ದೆಯ 45ನೇ ಕಲಮು ಹಳೆಯ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ ನಿಜ, ಆದರೆ ರಿಪೇರಿ ಮಾಡಿದರೂ ಗುಂಡು ಹಾರಿಸದಂಥವಕ್ಕೆ ಮಾತ್ರ. 1915ರ .303ಕ್ಕೆ ಎಣ್ಣೆ ಹಾಕಿದರೆ ಇವತ್ತೂ ಹಾರುತ್ತದೆ. ಸೊಗಸಾಗಿ ಕಟ್ಟಿದ್ದೇ ಅದಕ್ಕೆ ಮುಳುವು. 2019ರ ತಿದ್ದುಪಡಿ ಒಬ್ಬರಲ್ಲಿರಬಹುದಾದ ಬಂದೂಕುಗಳನ್ನೂ ಮೂರರಿಂದ ಎರಡಕ್ಕಿಳಿಸಿತು. ಎರಡು ಕೋವಿ ಇಟ್ಟುಕೊಂಡವರನ್ನು ಸಂಗ್ರಾಹಕರೆನ್ನುವುದು ಹೇಗೆ?

ಕೊಡಗಿನವರು ಇಲ್ಲಿ ತಡೆದು ಕೇಳಬಹುದು: ನಮ್ಮ ಕತೆ ಬೇರೆಯಲ್ಲವೇ? ಹೌದು. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿಯಿಂದ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ಹಂಗಿಲ್ಲ. ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟು ಎತ್ತಿಹಿಡಿದಿದೆ. ಕೈಲ್‌ಪೊಳ್ದ್‌ಗೆ ಹೂವಿಟ್ಟು ಪೂಜೆ ಪಡೆಯುವ ಆ ತೋಕು ಮನೆತನದ್ದು. ಸೇನೆಯ ಗೋದಾಮಿನಿಂದ ಬಂದ, ಯಾರ ಮನೆಯದೂ ಅಲ್ಲದ ತ್ರೀ ನಾಟ್ ತ್ರೀಗೆ ಅಂಥ ವಾರಸುದಾರರಿಲ್ಲ.

ಜಿಟಿಬಿ ನಗರದಲ್ಲಿ ಹಾರ್ಬರ್ ಲೈನ್ ಹತ್ತಿದರೆ ಸಿಎಸ್‌ಟಿಗೆ ಸುಮಾರು ಅರ್ಧ ಗಂಟೆ. 2008ರ ನವೆಂಬರ್ 26ರ ರಾತ್ರಿ ಎಕೆ-47 ಹಿಡಿದ ಇಬ್ಬರು ಅಲ್ಲಿ ನಿಂತವರ ಮೇಲೆಲ್ಲ ಗುಂಡಿನ ಮಳೆಗರೆದಾಗ ಎದುರಿಗಿದ್ದುದು ಲಾಠಿ ಮತ್ತು ಇದೇ ಕೋವಿ. ರೈಲ್ವೆ ರಕ್ಷಣಾ ದಳದ ಜಿಲ್ಲು ಯಾದವ್ ಸಹೋದ್ಯೋಗಿಯ .303 ಕಿತ್ತುಕೊಂಡು ಹಾರಿಸಿದರು, ಆಮೇಲೆ ಕುರ್ಚಿ ಎಸೆದರು. ಮರುದಿನದಿಂದ ಹಳೆಯ ಕೋವಿ ನಗೆಪಾಟಲಾಯಿತು. ಆ ನಗೆಯಲ್ಲಿ ಅರ್ಧ ನ್ಯಾಯವಿದೆ ಅನಿಸುತ್ತದೆ ನನಗೆ. ನಿಮಿಷಕ್ಕೆ 15 ಗುಂಡು ಹಾರಿಸುತ್ತಿದ್ದ ಸಿಪಾಯಿ ದಿನಗಟ್ಟಲೆ ಅಭ್ಯಾಸ ಮಾಡಿದ್ದ. ಗುಂಡಿನ ಅಭ್ಯಾಸವೇ ಇಲ್ಲದ ಕೈಗೆ ಎಂಥ ಹೊಸ ಬಂದೂಕು ಕೊಟ್ಟರೂ ಭಾರವೇ.

ಉತ್ತರ ಪ್ರದೇಶದ ಪೊಲೀಸರು 2020ರ ಗಣರಾಜ್ಯೋತ್ಸವದ ಪೆರೇಡಿನಲ್ಲಿ ಇದನ್ನು ಕೊನೆಯ ಬಾರಿ ಹೊತ್ತು ಬೀಳ್ಕೊಟ್ಟರು. ಕಾನೂನಿನ ಭಯ ನನಗೆ ಅರ್ಥವಾಗುತ್ತದೆ. ಗುಂಡು ಹಾರಿಸಬಲ್ಲ ಸಾವಿರಾರು ರೈಫಲ್ ಸಂತೆಗೆ ಬರಬೇಕೆಂದು ಯಾರೂ ಕೇಳುತ್ತಿಲ್ಲ. ಆದರೆ ಎನ್‌ಸಿಸಿಯ ‘ಡಿ.ಪಿ.’ ಕೋವಿ ನೆನಪಿದೆಯಲ್ಲ, ಗುಂಡು ಹಾರದಂತೆ ಕೆಡಿಸಿ ಡ್ರಿಲ್ಲಿಗೆ ಮಾತ್ರ ಕೊಡುತ್ತಿದ್ದದ್ದು? ಆ ಉಪಾಯ ನಮ್ಮಲ್ಲೇ ಇದೆ. ಪ್ರತಿ ಜಿಲ್ಲೆಯ ಪೊಲೀಸರು ಹಾಗೆ ಕೆಡಿಸಿದ ಒಂದು ಕೋವಿಯನ್ನು, ಅದು ಯಾವ ವರ್ಷ ಯಾವ ಠಾಣೆಗೆ ಹೋಯಿತೆಂಬ ರಿಜಿಸ್ಟರಿನ ಪ್ರತಿಯೊಂದಿಗೆ, ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸಾಕು. ನಳಿಗೆಗೆ ವೆಲ್ಡಿಂಗ್ ಮಾಡಲು ಅರ್ಧ ದಿನ ಬೇಕಾಗಬಹುದು. ರಿಜಿಸ್ಟರುಗಳನ್ನು ಗೆದ್ದಲು ತಿನ್ನುವ ಮೊದಲು ಮಾಡಬೇಕು.