ಸಂತೇಮರಹಳ್ಳಿ: ಒಂದು ಮತದಿಂದ ಇತಿಹಾಸ ಸೇರಿದ ಕ್ಷೇತ್ರ

ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಇಂದು ವಿಧಾನಸಭಾ ಕ್ಷೇತ್ರಗಳ ಪಟ್ಟಿಯಲ್ಲಿಲ್ಲ. ಕ್ಷೇತ್ರ ಪುನರ್ವಿಂಗಡಣೆಯಿಂದಾಗಿ 2008ರ ಚುನಾವಣೆಯ ವೇಳೆಗೆ ಅದು ರದ್ದಾಯಿತು. ಆದರೂ ರಾಜ್ಯದಲ್ಲಿ ಒಂದು ಮತದ ಬೆಲೆಯ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು ಈ ಊರೇ.

ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಈ ಕ್ಷೇತ್ರದ ರಾಜಕಾರಣದಲ್ಲಿ ಬಹುಕಾಲ ಎದ್ದು ಕಂಡ ಹೆಸರು ಬಿ. ರಾಚಯ್ಯ ಅವರದು. ಇಲ್ಲಿನ ಶಾಸಕರಾಗಿ, ರಾಜ್ಯದ ಸಚಿವರಾಗಿ, 1977ರಲ್ಲಿ ಚಾಮರಾಜನಗರದ ಲೋಕಸಭಾ ಸದಸ್ಯರಾಗಿ, ಮುಂದೆ ಕೇರಳದ ರಾಜ್ಯಪಾಲರಾಗಿ ಅವರು ಸೇವೆ ಸಲ್ಲಿಸಿದರು. ಅವರ ಪುತ್ರ ಎ.ಆರ್. ಕೃಷ್ಣಮೂರ್ತಿ ತಂದೆಯ ಕ್ಷೇತ್ರದಲ್ಲಿಯೇ ನೆಲೆಯೂರಿದರು.

2004ರ ಚುನಾವಣೆಯಲ್ಲಿ ಜಾತ್ಯತೀತ ಜನತಾದಳದ ಅಭ್ಯರ್ಥಿಯಾಗಿದ್ದ ಕೃಷ್ಣಮೂರ್ತಿ ಅವರಿಗೆ ಎದುರಾಳಿಯಾಗಿ ನಿಂತವರು ಕಾಂಗ್ರೆಸ್‌ನ ಆರ್. ಧ್ರುವನಾರಾಯಣ. ಮತ ಎಣಿಕೆ ಮುಗಿದಾಗ ಧ್ರುವನಾರಾಯಣ ಅವರಿಗೆ 40,752, ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದಿದ್ದವು. ಕರ್ನಾಟಕದ ವಿಧಾನಸಭಾ ಚುನಾವಣೆಯಲ್ಲಿ ಒಂದೇ ಮತದ ಅಂತರದ ಗೆಲುವು ಅದೇ ಮೊದಲು. ನಾಲ್ಕು ವರ್ಷಗಳ ಬಳಿಕ, 2008ರಲ್ಲಿ, ರಾಜಸ್ಥಾನದ ನಾಥದ್ವಾರದಲ್ಲಿ ಕಾಂಗ್ರೆಸ್‌ನ ಸಿ.ಪಿ. ಜೋಶಿ ಇದೇ ರೀತಿ ಒಂದು ಮತದಿಂದ ಸೋತರು.

ಕೃಷ್ಣಮೂರ್ತಿ ಅವರ ಕಾರು ಚಾಲಕನಿಗೆ ಅಂದು ಮತ ಹಾಕಲು ಬಿಡುವು ದೊರೆಯಲಿಲ್ಲ, ಅದರಿಂದಲೇ ಅವರು ಸೋತರು ಎಂಬ ಮಾತು ಅಂದಿನಿಂದಲೂ ಪ್ರಚಾರದಲ್ಲಿದೆ. ಮತದಾರರ ಜಾಗೃತಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗಲಾರದು. ಆದರೆ ಲೆಕ್ಕ ಮಾತ್ರ ಹಾಗಿಲ್ಲ. ಆ ಒಂದು ಮತ ಬಿದ್ದಿದ್ದರೂ ಇಬ್ಬರೂ ಸಮಬಲ ಸಾಧಿಸುತ್ತಿದ್ದರೇ ಹೊರತು ಕೃಷ್ಣಮೂರ್ತಿ ಗೆಲ್ಲುತ್ತಿರಲಿಲ್ಲ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 65ನೇ ಕಲಮಿನ ಪ್ರಕಾರ ಅಂತಹ ಸಂದರ್ಭದಲ್ಲಿ ಚುನಾವಣಾಧಿಕಾರಿ ಚೀಟಿ ಎತ್ತಬೇಕು. ಚೀಟಿ ಯಾರ ಪಾಲಿಗೆ ಬರುವುದೋ ಅವರಿಗೆ ಒಂದು ಮತ ಹೆಚ್ಚು ಬಂದಿತೆಂದು ಪರಿಗಣಿಸಲಾಗುತ್ತದೆ. ಅಂದರೆ ಚಾಲಕನ ಮತದಿಂದ ಕೃಷ್ಣಮೂರ್ತಿ ಅವರಿಗೆ ದೊರೆಯಬಹುದಾಗಿದ್ದುದು ಅರ್ಧ ಅವಕಾಶ ಮಾತ್ರ.

ವಿಪರ್ಯಾಸವೆಂದರೆ, ಆ ಸಲ ಯಾವ ಪಕ್ಷಕ್ಕೂ ಬಹುಮತ ಬಾರದೆ, ಇಲ್ಲಿ ಒಂದೊಂದು ಮತಕ್ಕೆ ಕಾದಾಡಿದ ಈ ಎರಡು ಪಕ್ಷಗಳೇ ಧರ್ಮಸಿಂಗ್ ನೇತೃತ್ವದಲ್ಲಿ ಸಮ್ಮಿಶ್ರ ಸರ್ಕಾರ ರಚಿಸಿದವು.

ಕ್ಷೇತ್ರ ರದ್ದಾದ ಮೇಲೆ ಇಬ್ಬರ ಹಾದಿಯೂ ಕೊಳ್ಳೇಗಾಲ ಮತ್ತು ಚಾಮರಾಜನಗರ ಲೋಕಸಭಾ ಕ್ಷೇತ್ರಗಳತ್ತ ಹೊರಳಿತು. ಧ್ರುವನಾರಾಯಣ 2008ರಲ್ಲಿ ಕೊಳ್ಳೇಗಾಲದಿಂದ ವಿಧಾನಸಭೆಗೆ, ಮರುವರ್ಷವೇ ಲೋಕಸಭೆಗೆ ಆಯ್ಕೆಯಾದರು. 2009ರ ಆ ಚುನಾವಣೆಯಲ್ಲಿ ಬಿಜೆಪಿಯಿಂದ ಎದುರು ನಿಂತವರು ಮತ್ತೆ ಕೃಷ್ಣಮೂರ್ತಿಯೇ. ಅಂತರ ಸುಮಾರು ನಾಲ್ಕು ಸಾವಿರ ಮತ. 2014ರಲ್ಲಿಯೂ ಇವರಿಬ್ಬರೇ ಎದುರಾಳಿಗಳು. ಆಗ ಧ್ರುವನಾರಾಯಣ ಒಂದು ಲಕ್ಷಕ್ಕೂ ಅಧಿಕ ಮತಗಳಿಂದ ಗೆದ್ದರು. 2019ರಲ್ಲಿ ಅವರು ಬಿಜೆಪಿಯ ವಿ. ಶ್ರೀನಿವಾಸ ಪ್ರಸಾದ್ ಅವರೆದುರು 1,817 ಮತಗಳಿಂದ ಪರಾಭವಗೊಂಡರು.

ಕೃಷ್ಣಮೂರ್ತಿ ಬಳಿಕ ಕಾಂಗ್ರೆಸ್ ಸೇರಿದರು. 2018ರಲ್ಲಿ ಕೊಳ್ಳೇಗಾಲದಲ್ಲಿ ಬಿಎಸ್‌ಪಿಯ ಎನ್. ಮಹೇಶ್ ಎದುರು ಸೋತರು. 2023ರ ಮೇ ತಿಂಗಳಲ್ಲಿ, ಬಿಜೆಪಿ ಸೇರಿದ್ದ ಅದೇ ಮಹೇಶ್ ಅವರನ್ನು 59,519 ಮತಗಳಿಂದ ಸೋಲಿಸಿ ವಿಧಾನಸಭೆ ಪ್ರವೇಶಿಸಿದರು. ಅವರ ಹಳೆಯ ಎದುರಾಳಿ, ಅಷ್ಟರಲ್ಲಿ ಸ್ವಪಕ್ಷೀಯರೂ ಆಗಿದ್ದ ಧ್ರುವನಾರಾಯಣ ಅದೇ ವರ್ಷದ ಮಾರ್ಚ್ 11ರಂದು ನಿಧನರಾಗಿದ್ದರು.