ಗೌಡಕಿಯ ಮೊಕದ್ದಮೆ: ಗೋತಸಭೆಯಿಂದ ಸುಪ್ರೀಂ ಕೋರ್ಟಿನವರೆಗೆ

ಹೋಟಗಿ, ಅಕ್ಕಲಕೋಟೆ ಸೀಮೆಯಲ್ಲಿ ಪಾಟೀಲ, ದೇಸಾಯಿ, ದೇಶಮುಖ, ಕುಲಕರ್ಣಿ ಇಂದು ಬರೀ ಅಡ್ಡಹೆಸರುಗಳು. ಹಿಂದೆ ಅವು ಹಕ್ಕುಗಳಾಗಿದ್ದವು. ಕಂದಾಯ ಎತ್ತುವ ಅಧಿಕಾರ, ಅದಕ್ಕಂಟಿದ ಇನಾಂ ಹೊಲ, ಹಬ್ಬ ಜಾತ್ರೆಗಳಲ್ಲಿ ಮೊದಲ ಮಾನ ಮೂರೂ ಸೇರಿ ವತನ. ಮನೆ ಒಡೆದರೆ ಹೊಲ ಹಂಚಬಹುದು, ಗೌಡಕಿ, ಅಂದರೆ ಪಾಟೀಲನ ಹುದ್ದೆ, ಹಂಚುವುದು ಹೇಗೆ? ವ್ಯಾಜ್ಯಗಳೆಲ್ಲ ಹುಟ್ಟಿದ್ದು ಇಲ್ಲಿಂದ.

ಮರಾಠರ ಕಾಲದಲ್ಲಿ ಇದನ್ನು ತೀರ್ಮಾನಿಸುತ್ತಿದ್ದದ್ದು ಗೋತಸಭೆ. ದೇಶಮುಖ, ಸುತ್ತಲಿನ ಊರುಗಳ ಪಾಟೀಲರು, ಊರಿನ ಕಸುಬುದಾರರಾದ ಬಲುತೇದಾರರು ಕೂತು ಸಾಕ್ಷಿ ಕೇಳಿ ಮಹಜರು ಬರೆಸುತ್ತಿದ್ದರು. ಸಾಕ್ಷಿ ಸಾಲದಿದ್ದರೆ ದಿವ್ಯ: ಕಾದ ಎಣ್ಣೆಗೆ ಕೈ ಹಾಕಿ ಲೋಹದ ತುಂಡನ್ನು ಎತ್ತಬೇಕು. ಆ ಕಾಲದ ನ್ಯಾಯಪದ್ಧತಿಯ ಕುರಿತು ವಿ. ಟಿ. ಗುಣೆ 1953ರಲ್ಲಿ ಪ್ರಕಟಿಸಿದ ಗ್ರಂಥ ಈಗಲೂ ಆಧಾರ. ದಿವ್ಯ ಕ್ರೂರವಾದದ್ದು, ನಿಜ. ಆದರೆ ನ್ಯಾಯ ಹೇಳುವವರಿಗೆ ಆ ಮನೆತನದ ಮೂರು ತಲೆಮಾರು ಗೊತ್ತಿರುತ್ತಿತ್ತು. ಮುಂದೆ ಬಂದ ಯಾವ ನ್ಯಾಯಾಲಯಕ್ಕೂ ಆ ಅನುಕೂಲವಿರಲಿಲ್ಲ.

ಬ್ರಿಟಿಷರು ವಿಷಯವನ್ನು ಕಚೇರಿಗೆ ತಂದರು. 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆಯ ಪ್ರಕಾರ ವತನದ ಪ್ರತಿನಿಧಿ ಯಾರೆಂದು ಹೇಳುವವನು ಕಲೆಕ್ಟರ್. 1876ರ ಕಂದಾಯ ಅಧಿಕಾರವ್ಯಾಪ್ತಿ ಕಾಯ್ದೆ ಹುದ್ದೆಯ ದಾವೆಗಳಿಗೆ ಸಿವಿಲ್ ಕೋರ್ಟಿನ ಬಾಗಿಲು ಮುಚ್ಚಿತು. ಮೇಲ್ಮನವಿಯೆಂದರೆ ಕಮಿಷನರ್, ಅಲ್ಲಿಂದ ಸರ್ಕಾರ. ನನ್ನ ಮಟ್ಟಿಗೆ ದೊಡ್ಡ ಅನ್ಯಾಯ ನಡೆದದ್ದು 1886ರ ತಿದ್ದುಪಡಿಯಲ್ಲಿ. ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು ಉಳಿದ ಹೆಣ್ಣುಮಕ್ಕಳೆಲ್ಲ, ಹೆಣ್ಣಿನ ಮೂಲಕ ಹಕ್ಕು ಕೇಳುವವರೂ ಸಹ, ಮನೆತನದ ಯಾವುದೇ ಅರ್ಹ ಗಂಡಸಿನ ನಂತರವೇ ಎಂದಿತು ಅದು. ಸ್ವಂತ ಮಗಳನ್ನು ಹಿಂದಿಟ್ಟು ದೂರದ ದಾಯಾದಿಯನ್ನು ಮುಂದೆ ಕೂರಿಸಲು ಕಾನೂನೇ ದಾರಿಮಾಡಿತು.

ಆಸ್ತಿಯ ಪ್ರಶ್ನೆ ಮಾತ್ರ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗುತ್ತಿತ್ತು. ಅದೃಶ್ಯಪ್ಪ, ಗುರುಸಿದ್ದಪ್ಪ ಎಂಬವರ ದೇಸಗತಿ (ದೇಸಾಯಿ ವತನ) ವ್ಯಾಜ್ಯದಲ್ಲಿ 1880ರಲ್ಲಿ ಅದು, ವತನ ಪಾಲಾಗದ ಆಸ್ತಿ ಎನ್ನುವವನೇ ಅದನ್ನು ರುಜುವಾತು ಮಾಡಬೇಕು ಎಂದಿತು.

ಸ್ವಾತಂತ್ರ್ಯದ ನಂತರ ಬುಡಕ್ಕೇ ಕೊಡಲಿ ಬಿತ್ತು. 1948ರಲ್ಲಿ ಅಕ್ಕಲಕೋಟೆ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1950ರ ಕಾಯ್ದೆ ಪರಗಣಾ (ದೇಸಾಯಿ, ದೇಶಮುಖ), ಕುಲಕರ್ಣಿ ವತನಗಳನ್ನು ತೆಗೆಯಿತು. ಮಹಾರಾಷ್ಟ್ರದಲ್ಲಿ ಪಾಟೀಲಕಿ 1963ರ ಜನವರಿ 1ಕ್ಕೆ ಮುಗಿಯಿತು, ಕರ್ನಾಟಕದಲ್ಲಿ ಅದೇ ವರ್ಷ ಫೆಬ್ರವರಿ 1ಕ್ಕೆ. ಹುದ್ದೆ ಹೋದರೂ ಸರ್ಕಾರ ಮರುಮಂಜೂರು ಮಾಡಿದ ಹೊಲದ ಜಗಳ ಹೋಗಲಿಲ್ಲ. ಕುಂದಗೋಳ ದೇಸಗತಿಯ ಮೊಕದ್ದಮೆಯಲ್ಲಿ ವತನದ ಆಸ್ತಿಯೆಲ್ಲ ತನ್ನೊಬ್ಬನದೇ ಎಂಬ ವತನದಾರನ ವಾದವನ್ನು ಸುಪ್ರೀಂ ಕೋರ್ಟ್ 1982ರಲ್ಲಿ ತಳ್ಳಿಹಾಕಿತು. ಹುದ್ದೆಯೊಂದಿಗೇ ಜ್ಯೇಷ್ಠಾಧಿಕಾರವೂ ಸತ್ತಿದೆ, ಒಬ್ಬನ ಹೆಸರಿಗೆ ಮರುಮಂಜೂರಾದ ಹೊಲ ಅವಿಭಕ್ತ ಕುಟುಂಬಕ್ಕೆಲ್ಲ ಸೇರಿದ್ದು ಎಂದಿತು. ಎಂದೋ ಬರಬೇಕಿದ್ದ ತೀರ್ಪು ಅದು.

ಉಳಿದದ್ದು ಮಾನ. ಅಡ್ಡಪಲ್ಲಕ್ಕಿಯ, ಅಂದರೆ ಬೀದಿಗೆ ಅಡ್ಡಲಾಗಿ ಹೊರುವ ಪಲ್ಲಕ್ಕಿಯ, ಹಕ್ಕಿಗಾಗಿ ಶಂಕರಭಾರತಿ ಸ್ವಾಮಿ, ಸಿದ್ಧಲಿಂಗಯ್ಯ ಚರಂತಿ ಎಂಬ ಧರ್ಮಗುರುಗಳ ನಡುವೆ ನಡೆದ ವ್ಯಾಜ್ಯ 1843ರಲ್ಲೇ ಪ್ರಿವಿ ಕೌನ್ಸಿಲ್ ತಲುಪಿತ್ತು. ಇಂದಿನ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಕಲಮಿನಡಿ ಹುದ್ದೆಯ ಹಕ್ಕಿಗಾಗಿ ದಾವೆ ಹೂಡಬಹುದು, ಅದಕ್ಕೆ ಸಂಭಾವನೆ ಇಲ್ಲದಿದ್ದರೂ ಸರಿ. ಹುದ್ದೆಯ ನಂಟಿಲ್ಲದ ಬರೀ ಮರ್ಯಾದೆಗಾಗಿ ದಾವೆ ನಿಲ್ಲದು. ಜಾತ್ರೆಯಲ್ಲಿ ಮೊದಲ ಕಾಯಿ ಯಾರದು ಎಂಬ ತಕರಾರನ್ನು ಹೊತ್ತು ಬಂದವರಿಗೆ ವಕೀಲರು ಮೊದಲು ಕೇಳುವುದೂ ಇದನ್ನೇ: ಈ ಮಾನಕ್ಕೆ ಅಂಟಿದ ಹುದ್ದೆ ಯಾವುದು?